ಇಕ್ಕಳ ಬೇಡದ ಕೈ

ನಮ್ಮ ಬೇಕರಿಯ ಒಲೆಯವನ ಕೈಗಳು ಹೋದವು. ಕಡಿದು ಬಿದ್ದವು ಅಂತಲ್ಲ, ಈಗಲೂ ಅವನ ಮೈಗೇ ಅಂಟಿಕೊಂಡಿವೆ, ಆದರೆ ಅಂಗಿಯ ಗುಂಡಿ ಹಾಕುವುದಕ್ಕೂ ಬಾರವು. ಅವನ್ನು ಉಳಿಸಬಹುದಾಗಿದ್ದ ಮಾತೊಂದು ಹದಿನಾಲ್ಕು ತಿಂಗಳು ನನ್ನ ಬಾಯಲ್ಲಿತ್ತು. ನಾನು ಆಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಒಳ್ಳೆಯವಳು ಅಂದುಕೊಂಡು ಕೇಳುತ್ತಾ ಕೂತು, ಕೊನೆಗೆ ಮೋಸಹೋದೆವು ಅಂತ ನೀವು ಅನ್ನಬಾರದು.

ಒಲೆಯವನು ಅಂದರೆ ಒಲೆಯವನೇ. ಬೇಕರಿಗೆ ಸೇರಿ ಹನ್ನೊಂದು ವರ್ಷವಾದರೂ ಯಾರೂ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮನುಷ್ಯ. ಹಿಟ್ಟು ನಾದುವವನು ಅವನ ಚಪ್ಪಲಿ ಅಡಗಿಸಿಟ್ಟರೆ ಬರಿಗಾಲಲ್ಲೇ ಮನೆಗೆ ಹೋಗಿ, ಮರುದಿನ ಬಂದು, "ಚಪ್ಪಲಿ ಸಿಕ್ತೇನೋ?" ಅಂತ ಅವನನ್ನೇ ಕೇಳುವ ಜಾತಿ. ಅಂಥವನಿಗೆ ನಲವತ್ತು ದಾಟಿದ ಮೇಲೆ ಒಂದು ಹೆಸರು ಬಂತು.

ಬಂದದ್ದು ಹೀಗೆ. ಒಂದು ಮಧ್ಯಾಹ್ನ ಬನ್ನು ಇನ್ನೇನು ಸೀಯಬೇಕು, ಮಸಿಬಟ್ಟೆ ಕೈಗೆ ಸಿಗಲಿಲ್ಲ. ಅವನು ಬರಿಗೈಯಲ್ಲೇ ಒಲೆಯೊಳಗಿನ ಟ್ರೇ ಎಳೆದು ಸ್ಟ್ಯಾಂಡಿಗೆ ಇಟ್ಟ. ನಾದುವವನು ಕಣ್ಣು ಬಾಯಿ ಬಿಟ್ಟುಕೊಂಡು ನೋಡಿದ.

"ಲೇ, ಕೈ ಸುಡಲಿಲ್ವೇನೋ?"

"ಇಲ್ಲಪ್ಪ."

"ಇನ್ನೊಂದು ಎಳಿ ನೋಡೋಣ."

ಎಳೆದ. ಅಂಗೈ ಜಡ್ಡುಗಟ್ಟಿದೆ, ಹನ್ನೊಂದು ವರ್ಷ ಬೆಂಕಿ ಮುಂದೆ ನಿಂತಿದ್ದಾನೆ, ಕೈ ಪಳಗಿದೆ, ಅಂತ ನಾವೆಲ್ಲ ತೀರ್ಮಾನ ಮಾಡಿದೆವು. ಬೇಕರಿಯಲ್ಲಿ ಕೈ ಪಳಗುವುದು ಅಂದರೆ ದೊಡ್ಡ ಮರ್ಯಾದೆ. ಹೊಸಬನಾದರೆ ಮಸಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡುತ್ತಾನೆ, ಹಳಬ ಎರಡು, ಉಸ್ತಾದ ಒಂದೇ. ಇವನು ಅದೂ ಬೇಡ ಅಂದದ್ದರಿಂದ ಉಸ್ತಾದರಿಗೇ ಉಸ್ತಾದನಾದ. ಆ ದಿನದಿಂದ ಅವನ ಹೆಸರು ಇಕ್ಕಳ. ಚಿಕ್ಕವರಿಗೆ ಇಕ್ಕಳಣ್ಣ.

ಆಮೇಲೆ ಶುರುವಾಯಿತು ಎಣಿಕೆ. ಟ್ರೇ ಹೊರಗೆ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಅವನ ಕೈಗೆ ಕೊಡುವುದು, ಎಲ್ಲರೂ ಸುತ್ತ ನಿಂತು ಒಂದು, ಎರಡು, ಮೂರು ಅಂತ ಹತ್ತರ ತನಕ ಕೂಗುವುದು. ಅವನು ನಾಚಿಕೊಂಡು ನಗುತ್ತಾ ಹಿಡಿದಿರುತ್ತಿದ್ದ. ಸಂಜೆಗೆ ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು. ನೋವಿಲ್ಲ ಅಂದಮೇಲೆ ಬೊಬ್ಬೆಯನ್ನು ಯಾರು ಕೇಳುತ್ತಾರೆ? ಎಣಿಸುವಾಗ ನನ್ನ ದನಿಯೇ ಎಲ್ಲರಿಗಿಂತ ದೊಡ್ಡದಿತ್ತು.

ಮಾಲೀಕನ ಕಿವಿಗೆ ಬಿತ್ತು. ಅವನು ಕಲ್ಲು ಹಿಂಡಿ ನೀರು ತೆಗೆಯುವ ಆಸಾಮಿ. ಎರಡೇ ವಾರದಲ್ಲಿ ಬೀದಿ ಕಡೆಯ ಗೋಡೆ ಒಡೆಸಿ ದೊಡ್ಡ ಗಾಜು ಹಾಕಿಸಿದ, ಒಲೆಯ ಬಾಯಿ ಹೊರಗಿನಿಂದ ಕಾಣುವ ಹಾಗೆ. ದಿನಾ ಸಂಜೆ ನಾಲ್ಕಕ್ಕೆ ಇಕ್ಕಳಣ್ಣ ಬಿಳಿ ಟೋಪಿ ಹಾಕಿಕೊಂಡು, ಗಾಜಿನ ಆಚೆ ನಿಂತ ಜನಕ್ಕೆ ಎರಡೂ ಅಂಗೈ ತೋರಿಸಿ, ಟ್ರೇ ಎಳೆಯಬೇಕು. ಶಾಲೆ ಬಿಟ್ಟ ಮಕ್ಕಳು, ಆಫೀಸು ಬಿಟ್ಟ ಗುಮಾಸ್ತರು, ತರಕಾರಿ ಚೀಲದ ಹೆಂಗಸರು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು. ಹುಟ್ಟಿದಾಗಿನಿಂದ ಒಂದು ಚಪ್ಪಾಳೆಯನ್ನೂ ಕಾಣದವನು, ಒಳಗೆ ನಮ್ಮ ಕಡೆ ತಿರುಗಿ, "ಇವತ್ತು ಜನ ಜಾಸ್ತಿ ಅಲ್ವಾ?" ಅನ್ನುತ್ತಿದ್ದ. ಅವನ ಆ ಸಂತೋಷ ನೋಡಿದರೆ ನನಗೆ ಒಳಗೊಳಗೇ ಉರಿಯುತ್ತಿತ್ತು, ಯಾಕೆಂದರೆ ನನ್ನ ಕೈಗಳ ಕಥೆಯೇ ಬೇರೆ ಇತ್ತು.

ನಾನು ಟ್ರೇ ತೊಳೆಯುವವಳು. ಹಿಂದಿನ ತೊಟ್ಟಿಯಲ್ಲಿ ಬಿಸಿನೀರಿಗೆ ಸೋಡಾಪುಡಿ ಸುರಿದು ಬೆಳಗಿನಿಂದ ಸಂಜೆ ತನಕ ಜಿಡ್ಡು ಉಜ್ಜಬೇಕು. ಮೂರನೇ ವರ್ಷಕ್ಕೆ ನನ್ನ ಬೆರಳ ಸಂದಿ ಕೆಂಪಾಯಿತು, ಆಮೇಲೆ ತುರಿಕೆ, ಆಮೇಲೆ ಸಣ್ಣ ಸಣ್ಣ ನೀರುಗುಳ್ಳೆ, ಆಮೇಲೆ ಒಡೆದು ಸೀಳು. ಮೆಡಿಕಲ್ ಶಾಪಿನವನು ಒಂದು ಟ್ಯೂಬ್ ಕೊಟ್ಟ. ಅವನ ಹತ್ತಿರ ಎಲ್ಲ ಚರ್ಮಕ್ಕೂ ಅದೊಂದೇ ಟ್ಯೂಬು. ಹಚ್ಚಿದ ನಾಲ್ಕು ದಿನಕ್ಕೆ ಕೈ ಚಿನ್ನದ ಹಾಗಾಯಿತು, ಬಿಟ್ಟ ಮೂರನೇ ದಿನಕ್ಕೆ ಮೊದಲಿನ ಎರಡರಷ್ಟು ಕೆಟ್ಟಿತು.

ಮನೆಯಲ್ಲಿ ಅಕ್ಕ ನನಗೆ ತಟ್ಟೆ ಲೋಟ ಬೇರೆ ಮಾಡಿದಳು. ಗಂಡ ಸತ್ತ ಮೇಲೆ ನಾನಿದ್ದದ್ದು ಅವಳ ಮನೆಯಲ್ಲೇ. "ಅಂಟಿದ್ರೆ ಗತಿಯೇನೇ, ಮಕ್ಕಳಿರೋ ಮನೆ" ಅಂದಳು. ಅದೇ ಮನೆಯಲ್ಲಿ ಭಾವನಿಗೆ ತೊಡೆಸಂದಿಯಲ್ಲಿ ಹುಳುಕಡ್ಡಿ. ನಿಜವಾಗಿ ಅಂಟುವುದು ಅದು. ಪುಣ್ಯಾತ್ಮ ಒಂದೇ ಟವೆಲಿನಲ್ಲಿ ತಾನೂ ಒರೆಸಿಕೊಂಡು ಮಕ್ಕಳ ತಲೆಯನ್ನೂ ಒರೆಸುತ್ತಿದ್ದ. ಅವನ ತಟ್ಟೆ ಮಾತ್ರ ಯಾರೂ ಬೇರೆ ಮಾಡಲಿಲ್ಲ. ನನಗೆ ಅಡುಗೆಮನೆ ಬಾಗಿಲ ಹೊರಗೆ ಮಣೆ. ಆ ಅವಮಾನ ನನಗೆ ಇವತ್ತಿಗೂ ಹಸಿಯಾಗಿದೆ, ಅದಕ್ಕೇ ಆಮೇಲೆ ನಾನು ಮಾಡಿದ್ದಕ್ಕೆ ಯಾವ ಕ್ಷಮೆಯೂ ಇಲ್ಲ.

ಒಂದು ದಿನ ಸೀಳಿದ ಬೆರಳಿನಿಂದ ರಕ್ತ ಇಳಿದು ತೊಳೆದ ಟ್ರೇ ಮೇಲೆ ಬಿತ್ತು. ನಾದುವವನು ಮೂಗು ಮುರಿದು, "ಥೂ, ಇವಳ ಕೈ ನೋಡಿದ್ರೆ ಬ್ರೆಡ್ಡೇ ತಿನ್ನಬಾರದು" ಅಂದ. ಎಲ್ಲರೂ ನಕ್ಕರು. ಇಕ್ಕಳಣ್ಣ ಒಬ್ಬ ನಗಲಿಲ್ಲ. ಹತ್ತಿರ ಬಂದು, "ಮೆಡಿಕಲ್ ಶಾಪಿನೋನ ಮಾತು ಕೇಳ್ಬೇಡ ತಂಗಿ. ಚರ್ಮದ ಡಾಕ್ಟ್ರೊಬ್ರು ಇದಾರಂತೆ, ವಿಚಾರಿಸಿದೀನಿ. ನಾಳೆ ನಾನೇ ಕರ್ಕೊಂಡೋಗ್ತೀನಿ" ಅಂದ.

ಕರೆದುಕೊಂಡು ಹೋದ. ಎರಡನೇ ಮಹಡಿ, ಉದ್ದನೆಯ ಹಜಾರ, ಗೋಡೆಗೆ ಒಂದು ಬೆಂಚು. ನಾನು ಒಳಗೆ ಹೋದೆ, ಅವನು ಬೆಂಚಿನ ಮೇಲೆ ಕೂತ. ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು, ಮುಖದಲ್ಲಿ ಸಿಡುಕು. ನನ್ನ ಟ್ಯೂಬ್ ನೋಡಿ ಕಸದ ಬುಟ್ಟಿಗೆ ಎಸೆದರು.

"ಇದರಲ್ಲಿ ಸ್ಟಿರಾಯ್ಡ್ ಇದೆ. ನಾವು ಬರೆದುಕೊಟ್ಟಾಗ, ಹೇಳಿದಷ್ಟು ದಿನ ಮಾತ್ರ ಹಚ್ಚೋದು. ನಿಮ್ಮಷ್ಟಕ್ಕೆ ನೀವೇ ಹಚ್ಕೊಂಡ್ರೆ ಚರ್ಮ ತೆಳ್ಳಗಾಗುತ್ತೆ. ಹುಳುಕಡ್ಡಿಗೆ ಹಚ್ಚಿದ್ರೆ ಅದು ಗುರುತೇ ಸಿಗದ ಹಾಗೆ ಹಬ್ಬುತ್ತೆ. ನಿಮಗಿರೋದು ಇಸಬು, ಸೋಡಾಪುಡಿಯಿಂದ. ಯಾರಿಗೂ ಅಂಟಲ್ಲ. ನೀರಿನ ಕೆಲಸ ಬಿಡಿ, ಇಲ್ಲಾಂದ್ರೆ ಒಳಗೆ ಹತ್ತಿಯದು, ಮೇಲೆ ರಬ್ಬರಿನದು, ಎರಡು ಕೈಗವಸು ಹಾಕ್ಕೊಳ್ಳಿ."

ಅಂಟಲ್ಲ ಅನ್ನುವ ಮಾತು ಕೇಳಿ ನಾನು ಅಲ್ಲೇ ಅತ್ತುಬಿಟ್ಟೆ. ಹೊರಗೆ ಬಂದು ಹೇಳಿದಾಗ ಇಕ್ಕಳಣ್ಣ, "ನಾನು ಹೇಳ್ಲಿಲ್ವಾ?" ಅಂದ, ಡಾಕ್ಟರೇ ತಾನು ಅನ್ನುವ ಹಾಗೆ.

ಎರಡು ವಾರ ಬಿಟ್ಟು ಮತ್ತೆ ಹೋಗಬೇಕಿತ್ತು. ಮಹಡಿಯ ಕೆಳಗೆ ಟೀ ಅಂಗಡಿ. ಟೀ ಕೊಡುವವನ ಕೈ ಜಾರಿ ಕುದಿಯುವ ಟೀ ಇಕ್ಕಳಣ್ಣನ ತೋಳಿನ ಮೇಲೆ ಚೆಲ್ಲಿತು. ಪಕ್ಕದವರು ಹೌಹಾರಿ ಹಿಂದೆ ಸರಿದರು. ಅವನು ಮಾತಾಡುತ್ತಲೇ ಇದ್ದ. ಅಂಗಿ ಒದ್ದೆಯಾದದ್ದನ್ನು ಕಣ್ಣಿನಿಂದ ನೋಡಿ, ಆಮೇಲೆ ತೋಳು ಮಡಿಸಿದ. ಮೊಣಕೈ ಕೆಳಗೆ ಅಂಗೈಯಗಲ ಒಂದು ಮಚ್ಚೆ. ಸುತ್ತಲಿನ ಚರ್ಮಕ್ಕಿಂತ ಬಿಳಿಚಿಕೊಂಡಿತ್ತು. ಅದರ ಮೇಲೆ ಒಂದು ಕೂದಲಿಲ್ಲ, ಉಳಿದ ತೋಳೆಲ್ಲ ಬೆವೆತಿದ್ದರೂ ಅಷ್ಟು ಜಾಗ ಒಣಗಿತ್ತು.

"ಇದೇನಣ್ಣ?"

"ಹಿಟ್ಟು ಕಣಮ್ಮ" ಅಂತ ಒರೆಸಿದ. ಹೋಗಲಿಲ್ಲ. "ಅಲ್ಲ, ಒಲೆ ಝಳಕ್ಕೆ ಬಣ್ಣ ಹೋಗಿದೆ. ತುರಿಸಲ್ಲ, ನೋಯಲ್ಲ, ಅದರ ಪಾಡಿಗೆ ಅದಿದೆ."

ಹಿಟ್ಟು ಅಂದದ್ದಕ್ಕೆ ನಗಬೇಡಿ. ಬೇಕರಿಯಲ್ಲಿ ಹನ್ನೊಂದು ವರ್ಷ ಇದ್ದವನ ಮೈಮೇಲೆ ಬಿಳಿ ಕಂಡರೆ ಅದು ಹಿಟ್ಟೇ. ನಾವು ಹಾಗೇ ನೋಡಿಕೊಂಡು ಬಂದವರು.

ಒಳಗೆ ನನ್ನ ಕೈ ನೋಡಿ ಮುಗಿದ ಮೇಲೆ, ಡಾಕ್ಟರನ್ನು ಸುಮ್ಮನೆ ಕೇಳಿದೆ: ಮೈಮೇಲೆ ಬಿಳಿಚಿದ ಮಚ್ಚೆಯಿದ್ದು, ಬಿಸಿ ಬಿದ್ದರೂ ಗೊತ್ತಾಗದೆ ಇದ್ದರೆ ಅದೇನು? ಬರೆಯುತ್ತಿದ್ದ ಪೆನ್ನು ನಿಂತಿತು.

"ತುರಿಸಿದ್ರೆ ಎಲ್ಲರೂ ಓಡಿ ಬರ್ತೀರಿ. ಮುಖದ ಮೇಲೆ ಒಂದು ಮೊಡವೆ ಎದ್ರೂ ಬರ್ತೀರಿ. ತುರಿಸದೆ ನೋಯದೆ ಸುಮ್ಮನೆ ಕೂತಿರೋ ಮಚ್ಚೆನ ಮಾತ್ರ ಯಾರೂ ತಂದು ತೋರಿಸಲ್ಲ. ಎಲ್ಲ ಬಿಳಿ ಮಚ್ಚೆನೂ ಕೆಟ್ಟದ್ದಲ್ಲ, ತೊನ್ನಿಗೆ ಸ್ಪರ್ಶ ಇರುತ್ತೆ, ಅದರಿಂದ ಯಾರಿಗೂ ಏನೂ ಆಗಲ್ಲ. ಸ್ಪರ್ಶ ಇಲ್ಲ ಅಂದ್ರೆ ಮಾತ್ರ ಒಂದು ದಿನಾನೂ ಕಾಯಬಾರದು. ಅದು ಕುಷ್ಠ ಇರಬಹುದು."

ಡಾಕ್ಟರು ನನ್ನ ಮುಖ ನೋಡಿ ಗದರಿದರು.

"ಹೆದರೋದೇನಿಲ್ಲ. ಮಾತ್ರೆ ಇದೆ, ಪುಕ್ಕಟೆ ಕೊಡ್ತೀವಿ, ಪೂರ್ತಿ ವಾಸಿ ಆಗುತ್ತೆ. ಮಾತ್ರೆ ಶುರುವಾದ್ರೆ ಇನ್ನೊಬ್ಬರಿಗೆ ಅಂಟೋದೂ ನಿಲ್ಲುತ್ತೆ. ಆದ್ರೆ ನರ ಕೆಟ್ಟು ಆರು ತಿಂಗಳು ದಾಟಿದ್ರೆ ಕೈ ಮೊದಲಿನ ಹಾಗೆ ಆಗೋದು ಕಷ್ಟ. ಯಾರಿಗಿದು?"

"ನೆಂಟರೊಬ್ರಿಗೆ."

"ಬೇಗ ಕರ್ಕೊಂಡು ಬನ್ನಿ. ನಾಳೆನೇ."

ನಾಳೆ ಯಾಕೆ, ಅವನು ಬಾಗಿಲಾಚೆ ಹತ್ತು ಹೆಜ್ಜೆ ದೂರದ ಬೆಂಚಿನ ಮೇಲೆ ನನ್ನ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಲೆಕ್ಕ ಹಾಕಿದರೆ ಆ ಎಣಿಕೆಯಾಟ ಶುರುವಾಗಿ ಆಗ ಇನ್ನೂ ಎರಡು ತಿಂಗಳು. "ಅಣ್ಣ, ಒಳಗೆ ಬಾ" ಅಂದಿದ್ದರೆ ಸಾಕಿತ್ತು. ನಾಲಿಗೆ ಹೊರಳಲಿಲ್ಲ. ಬರುವಾಗ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದದ್ದು ನೆನಪಾಯಿತು. ಹೊರಗೆ ಬಂದೆ. "ಏನಂದ್ರು?" ಅಂದ. "ಮುಲಾಮು ಬರ್ಕೊಟ್ರು" ಅಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅವನ ಪಕ್ಕದ ಜಾಗ ಖಾಲಿ ಇದ್ದರೂ ನಾನು ನಿಂತೇ ಬಂದೆ. "ಕೂತ್ಕೋಮ್ಮ, ಕಾಲು ನೋಯುತ್ತೆ" ಅಂತ ಅವನು ಎರಡು ಸಲ ಕರೆದ.

ಮರುದಿನ ಮಾಲೀಕನ ಮುಂದೆ ನಿಂತೆ. ಕೈಯಲ್ಲಿ ಡಾಕ್ಟರ ಚೀಟಿ, ನನ್ನನ್ನು ನೀರಿನ ಕೆಲಸದಿಂದ ತೆಗೆಯಬೇಕು ಅಂತ. ಅದನ್ನು ಕೊಡುತ್ತಾ ಇಕ್ಕಳಣ್ಣನ ಮಚ್ಚೆಯ ವಿಷಯವನ್ನೂ ಹೇಳಿದೆ. ಮಾಲೀಕ ಎದ್ದು ಬಾಗಿಲು ಹಾಕಿದ.

"ಇದನ್ನ ಇನ್ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ ಯಜಮಾನ್ರೇ."

"ಹೇಳ್ಬೇಡ. ಊರಿಗೆ ಗೊತ್ತಾದ್ರೆ ಅಂಗಡಿ ಮುಚ್ಚಬೇಕು, ನೀವೆಲ್ಲ ಬೀದಿಗೆ ಬೀಳ್ತೀರಿ. ಅವನ ವಿಷಯ ನಾನು ನೋಡ್ಕೋತೀನಿ." ಚೀಟಿಯನ್ನು ತಿರುವಿ ತಿರುವಿ ನೋಡಿದ. "ನಾಳೆಯಿಂದ ನೀನು ಕೌಂಟರಿನಲ್ಲಿ ಕೂತ್ಕೋ. ಬಾಯಿ ಬಿಟ್ಟೆ ಅಂದ್ರೆ ಮತ್ತೆ ತೊಟ್ಟಿಗೆ."

ಅವನು ಏನು ನೋಡಿಕೊಂಡ ಅನ್ನುವುದು ಅದೇ ಸಂಜೆ ನಾಲ್ಕಕ್ಕೆ ತಿಳಿಯಿತು. ಇಕ್ಕಳಣ್ಣನಿಗೆ ಮುಂಗೈ ತನಕ ಮುಚ್ಚುವ ತೋಳಿನ ಹೊಸ ಬಿಳಿ ಅಂಗಿ ತರಿಸಿ ಕೊಟ್ಟಿದ್ದ. ಆಟ ಎಂದಿನಂತೆ ನಡೆಯಿತು. ಇಕ್ಕಳಣ್ಣ ಆ ಅಂಗಿ ತೊಟ್ಟು ನನ್ನ ಮುಂದೆ ಬಂದು ನಿಂತು, "ಯಜಮಾನ್ರು ಕೊಡಿಸಿದ್ರು. ಹೆಂಗಿದೆ?" ಅಂತ ಕೇಳಿದ. ಚೆನ್ನಾಗಿದೆ ಅಂದೆ.

ಕೌಂಟರ್ ಸುಖವಾಗಿತ್ತು. ತಲೆ ಮೇಲೆ ಫ್ಯಾನು, ಒಣ ಕೆಲಸ, ಕಾಗದದಲ್ಲಿ ಬನ್ನು ಸುತ್ತಿ ಕೊಡುವುದು. ಎರಡು ತಿಂಗಳಲ್ಲಿ ನನ್ನ ಕೈಯ ಸೀಳೆಲ್ಲ ಕೂಡಿಕೊಂಡಿತು, ನಾಲ್ಕು ತಿಂಗಳಿಗೆ ಹೊಸ ಚರ್ಮ ಬಂತು. ಅಕ್ಕ ನನ್ನ ಕೈ ಹಿಡಿದು ನೋಡಿ, ಮಣೆಯನ್ನು ಅಡುಗೆಮನೆ ಒಳಗೆ ತಂದಿಟ್ಟಳು. "ಈಗ ನೀನು ಬಡಿಸಿದ್ರೆ ಊಟ ಸೇರುತ್ತೆ ನೋಡು" ಅಂದಳು. ನಾನೂ ನಾಚಿಕೆಯಿಲ್ಲದೆ ಬಡಿಸಿದೆ.

ಆ ನಾಲ್ಕು ತಿಂಗಳು ಅವನ ಪಾಲಿಗೂ ಉಳಿದಿದ್ದ ನಾಲ್ಕು ತಿಂಗಳೇ. ನನಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳಬೇಕು ಅಂದುಕೊಂಡು ಬರುತ್ತಿದ್ದೆ. ಹಿಂದೆ ತೊಟ್ಟಿಯಲ್ಲಿ ಸೋಡಾಪುಡಿ ಸುರಿಯುವ ಸದ್ದು ಕೇಳಿದರೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಒಂದೇ ಒಂದು ಸಲ ಗಟ್ಟಿ ಮನಸ್ಸು ಮಾಡಿ, "ಅಣ್ಣ, ಆ ಮಚ್ಚೆನ ಒಂದ್ಸಲ ಯಾರಿಗಾದ್ರೂ ತೋರಿಸು" ಅಂದೆ. "ಬಿಡಮ್ಮ, ಅದರಿಂದ ನನಗೇನು ತೊಂದರೆ?" ಅಂದ. ಅಷ್ಟಕ್ಕೇ ಬಿಟ್ಟೆ. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು ಅಂತ ಒಳಗೆ ಒಂದು ನೆಮ್ಮದಿ ಬೇರೆ.

ಆರು ತಿಂಗಳು ದಾಟಿತು. ಮೊದಲು ಅವನ ಎಡಗೈ ಕಿರುಬೆರಳು ಮಡಚಿಕೊಂಡಿತು, ಆಮೇಲೆ ಉಂಗುರದ ಬೆರಳು. ಬಲಗೈಯೂ ಅದೇ ದಾರಿ ಹಿಡಿಯಿತು. ಅಂಗಿಯ ಗುಂಡಿ ಹೆಂಡತಿ ಹಾಕಿ ಕಳಿಸುತ್ತಿದ್ದಳು. ನಾದುವವನು, "ಇಕ್ಕಳಕ್ಕೆ ತುಕ್ಕು ಹಿಡೀತಾ ಇದೆ, ಎಣ್ಣೆ ಬಿಡ್ರೋ" ಅಂದರೆ ಅವನೂ ಎಲ್ಲರ ಜೊತೆ ನಗುತ್ತಿದ್ದ. ವಯಸ್ಸಾಯಿತು, ವಾಯು, ಅಂತ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಮಡಚಿದ ಬೆರಳಲ್ಲೇ ಟ್ರೇ ಸಿಕ್ಕಿಸಿ ಎಳೆಯುವ ಹೊಸ ವರಸೆ ಕಲಿತ. ಅದಕ್ಕೆ ಇನ್ನೂ ಜೋರು ಚಪ್ಪಾಳೆ ಬಿತ್ತು.

ಡಾಕ್ಟರ ಮಾತು ಕೇಳಿ ಬಂದ ಹದಿನಾಲ್ಕನೇ ತಿಂಗಳ ಒಂದು ಸಂಜೆ. ಗಾಜಿನಾಚೆ ಜನ ಕಿಕ್ಕಿರಿದಿದ್ದರು. ಇಕ್ಕಳಣ್ಣ ಎರಡೂ ಕೈ ಎತ್ತಿ ತೋರಿಸಿ ಒಲೆಗೆ ಕೈ ಹಾಕಿದ. ಎಡಗೈ ಕಿರುಬೆರಳು ಟ್ರೇ ಮತ್ತು ಒಲೆಬಾಯಿಯ ಕಬ್ಬಿಣದ ನಡುವೆ ಸಿಕ್ಕಿಕೊಂಡಿತು. ಅವನಿಗೆ ಗೊತ್ತಾಗಲಿಲ್ಲ. ಟ್ರೇ ಯಾಕೆ ಬರುತ್ತಿಲ್ಲ ಅಂತ ಅವನು ಎಳೆಯುತ್ತಾ, ಜನರ ಕಡೆ ನೋಡಿ ನಗುತ್ತಾ ನಿಂತಿದ್ದ. ಸುಟ್ಟ ವಾಸನೆ ಕೌಂಟರಿಗೆ ಬಂತು. ಗಾಜಿನಾಚೆಯ ಒಂದು ಮಗು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ಇಕ್ಕಳಣ್ಣ ಮೂಗು ಏರಿಸಿ ಒಮ್ಮೆ ಮೂಸಿದ.

"ಯಾವುದೋ ಬನ್ ಸೀದೋಗಿದೆ ಅನ್ಸುತ್ತೆ" ಅಂತ ಬಗ್ಗಿ ಒಲೆಯೊಳಗೆ ಹುಡುಕಿದ.

ಇದನ್ನು ನಾನು ನೋಡಿದೆ. ನೋಡುತ್ತಲೇ ಕೂತಿದ್ದೆ. ಕೊನೆಗೆ ನಾದುವವನೇ ಓಡಿ ಹೋಗಿ ಅವನನ್ನು ಹಿಂದಕ್ಕೆ ಎಳೆದ.

ಆಸ್ಪತ್ರೆಯಲ್ಲಿ ಕಿರುಬೆರಳಿನ ಎರಡು ಗೆಣ್ಣು ತೆಗೆದರು, ಚರ್ಮದ ಡಾಕ್ಟರಿಗೆ ತೋರಿಸಿ ಅಂತ ಬರೆದು ಕಳಿಸಿದರು. ಅವನ ಹೆಂಡತಿ ನನ್ನ ಹತ್ತಿರ ಬಂದಳು. "ಆ ಡಾಕ್ಟ್ರು ನಿಂಗೆ ಗೊತ್ತಲ್ವಾ, ನೀನೇ ಸ್ವಲ್ಪ ಕರ್ಕೊಂಡೋಗಮ್ಮ" ಅಂದಳು. ಇಲ್ಲ ಅನ್ನುವುದಕ್ಕೆ ಆಗಲಿಲ್ಲ.

ಅದೇ ಎರಡನೇ ಮಹಡಿ, ಅದೇ ಬೆಂಚು. ಈ ಸಲ ಇಬ್ಬರೂ ಒಳಗೆ ಹೋದೆವು. ಡಾಕ್ಟರು ಅವನ ಮೊಣಕೈ ಹಿಂದೆ ಒತ್ತಿ, ದಪ್ಪಗಾದ ನರವನ್ನು ಬೆರಳಲ್ಲಿ ಹೊರಳಿಸಿ ನೋಡಿದರು. ಆಮೇಲೆ ಹತ್ತಿಯನ್ನು ಎಳೆ ಮಾಡಿ ಹೊಸೆದುಕೊಂಡರು.

"ಕಣ್ಣು ಮುಚ್ಕೊಳ್ಳಿ. ನಾನು ಎಲ್ಲಿ ಮುಟ್ತೀನೋ ಅಲ್ಲಿಗೆ ಬೆರಳು ತೋರಿಸ್ಬೇಕು."

ಅವನು ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕೂತು ಕಣ್ಣು ಮುಚ್ಚಿದ. ಹತ್ತಿಯೆಳೆ ಮಚ್ಚೆಯ ಮೇಲೆ ಓಡಿತು. ಮುಂಗೈ ಮೇಲೆ, ಅಂಗೈ ಮೇಲೆ, ಒಂದೊಂದೇ ಬೆರಳ ಮೇಲೆ ಓಡಿತು. ಡಾಕ್ಟರು ಪೆನ್ನಿನ ಹಿಂಬದಿಯಿಂದ ಒತ್ತಿಯೂ ನೋಡಿದರು. ಅವನು ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದ. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಅಂದ:

"ಶುರು ಮಾಡಿ ಡಾಕ್ಟ್ರೇ, ನಾನು ತಯಾರಿದೀನಿ."

ಡಾಕ್ಟರು ಹತ್ತಿಯನ್ನು ಮೇಜಿನ ಮೇಲೆ ಇಟ್ಟರು. ಕಣ್ಣು ತೆಗೆಯಿರಿ ಅಂದರು. ಕುಷ್ಠ ಅಂದರು, ವಾಸಿಯಾಗುತ್ತೆ ಅಂದರು, ಒಂದು ವರ್ಷ ಮಾತ್ರೆ ಅಂದರು, ಸತ್ತ ನರ ಮಾತ್ರ ತಿರುಗಿ ಬರುವ ಆಸೆಯಿಲ್ಲ ಅಂದರು. ಅವನು ಒಂದೊಂದಕ್ಕೂ ತಲೆಯಾಡಿಸಿದ.

"ಇಷ್ಟು ದಿನ ಯಾರೂ ನಿಮಗೆ ಹೇಳ್ಲಿಲ್ವಾ?"

"ಯಾರಿಗೆ ಗೊತ್ತಿರುತ್ತೆ ಡಾಕ್ಟ್ರೇ, ನಾವು ಬೇಕರಿ ಜನ."

ಆಗ ಡಾಕ್ಟರು ನನ್ನ ಕಡೆ ತಿರುಗಿದರು. ಮೊದಲು ನನ್ನ ಮುಖ, ಆಮೇಲೆ ನನ್ನ ಕೈ. ಮುಖ ಮರೆತರೂ ಅವರು ಚರ್ಮ ಮರೆಯುವವರಲ್ಲ.

"ನೀವು ಇಸಬಿಗೆ ಬಂದಿದ್ರಿ. ಬಿಸಿ ಗೊತ್ತಾಗದ ಮಚ್ಚೆ ಅಂತ ಕೇಳಿದ್ರಿ. ನೆಂಟರು ಅಂದಿದ್ರಲ್ಲ, ಇವರೇನಾ?"

ನಾನು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

"ನಾಳೆನೇ ಕರ್ಕೊಂಡು ಬನ್ನಿ ಅಂದಿದ್ದೆ. ಅವತ್ತೇ ಬಂದಿದ್ರೆ ಈ ಕೈ ಬಹುಶಃ ಉಳೀತಿತ್ತು."

ಹೊರಗೆ ಬಂದೆವು. ಅವನು ಬೆಂಚಿನ ಮೇಲೆ ಕೂತ, ಹಿಂದೆ ಎರಡು ಸಲ ಕೂತ ಅದೇ ಜಾಗದಲ್ಲಿ. ಬಾಗಿಲನ್ನು ನೋಡಿದ, ಬೆಂಚನ್ನು ನೋಡಿದ. ಎಷ್ಟು ಹತ್ತಿರ ಇತ್ತು ಅಂತ ಅಳೆಯುತ್ತಿದ್ದ ಅಂತ ಕಾಣುತ್ತದೆ.

"ಯಾಕಮ್ಮ ಹೇಳ್ಲಿಲ್ಲ?"

ಬೈದಿದ್ದರೆ ಬದುಕುತ್ತಿದ್ದೆ. ದಾರಿ ಕೇಳುವವನ ಹಾಗೆ ಕೇಳಿದ. ನಾನು ಇದ್ದದ್ದನ್ನು ಹೇಳಿದೆ. ತೊಟ್ಟಿ, ಚೀಟಿ, ಮಾಲೀಕ, ಕೌಂಟರು, ಒಂದೂ ಬಿಡಲಿಲ್ಲ. ಕೇಳಿ ಮುಗಿದ ಮೇಲೆ ಅವನು ಬ್ಯಾಂಡೇಜಿನ ಕೈಯಿಂದ ನನ್ನ ಕೈಯನ್ನು ತನ್ನ ಕಡೆಗೆ ಸರಿಸಿಕೊಂಡು, ಮಗುಚಿ ನೋಡಿದ.

"ವಾಸಿ ಆಯ್ತಲ್ಲ" ಅಂದ.

ಅಷ್ಟೇ. ಆಮೇಲೆ ಬಸ್ಸಿನಲ್ಲಿ ಅವನ ಪಕ್ಕ ಕೂತೆ. ಅವನು ಕಿಟಕಿಯ ಹೊರಗೆ ನೋಡುತ್ತಾ ಬಂದ.

ಮಾಲೀಕ ಅದೇ ದಿನ ಅವನ ಟೋಪಿ ಅಂಗಿ ಎಲ್ಲ ಒಲೆಗೆ ಹಾಕಿಸಿ, ಇನ್ನು ಈ ಕಡೆ ತಲೆ ಹಾಕಬೇಡ ಅಂತ ಹೇಳಿ ಕಳಿಸಿದ. ಗಾಜಿಗೆ ಒಳಗಿನಿಂದ ಬಣ್ಣ ಬಳಿಸಿದ. ಹನ್ನೆರಡು ವರ್ಷ ಒಲೆ ಕಾಯ್ದವನ ವಿಷಯದಲ್ಲಿ ಹಾಗೆ ಕೈ ತೊಳೆದುಕೊಂಡ. ತನ್ನ ಕತ್ತಿನ ಮೇಲಿದ್ದ ಒಂದು ಹಳೇ ನರುಳ್ಳೆಗೆ ಹೆದರಿ ಮೂರು ಡಾಕ್ಟರ ಹತ್ತಿರ ಓಡಿಹೋಗಿ ಬಂದ. ಆಸ್ಪತ್ರೆಯ ನರ್ಸು ಬಂದು ನಮ್ಮೆಲ್ಲರ ಮೈ ನೋಡಿದಳು, ಯಾರಿಗೂ ಏನೂ ಇರಲಿಲ್ಲ. ನಾದುವವನು ಅಂಗಿ ಬಿಚ್ಚಿ ನಿಂತಾಗ ಕೈಕಾಲು ಗಡಗಡ ನಡುಗುತ್ತಿತ್ತು, ಅದೊಂದು ನೋಡಿ ನನಗೆ ಖುಷಿಯಾಯಿತು.

ಅವನ ಮನೆಯಲ್ಲಿ ಮೊದಲ ತಿಂಗಳು ಹೊರಗಿನ ಕಟ್ಟೆಯ ಮೇಲೆ ಹಾಸಿಗೆ, ಬೇರೆ ತಟ್ಟೆ. ನರ್ಸು ಹೋಗಿ, ಅವನದೇ ತಟ್ಟೆಯಿಂದ ತಾನು ಒಂದು ತುತ್ತು ತಿಂದು ತೋರಿಸಿದ ಮೇಲೆ ಹೆಂಡತಿ ಒಳಗೆ ಕರೆದುಕೊಂಡಳಂತೆ. ಆಕೆ ಒಂದು ದಿನ ಕೌಂಟರಿಗೆ ಬಂದು, ಗಿರಾಕಿಗಳ ಎದುರಿಗೇ ನನ್ನನ್ನು ಕೇಳಿದಳು: "ಕೈ ಉಳಿಸೋಕೆ ಇನ್ನೂ ನಾಲ್ಕು ತಿಂಗಳು ಇತ್ತಂತೆ. ದೇವರು ನಿಂಗೆ ಬಾಯಿ ಕೊಟ್ಟಿರಲಿಲ್ವೇನೇ?" ನಾನು ಬನ್ನು ಸುತ್ತುತ್ತಾ ಕೂತಿದ್ದೆ. ಕಾಗದ ಎರಡು ಸಲ ಹರಿಯಿತು.

ಹಿಂದಿನ ತೊಟ್ಟಿಗೆ ಬಂದ ಹೊಸ ಹೆಂಗಸಿನ ಬೆರಳ ಸಂದಿಯೂ ಕೆಂಪಾಗತೊಡಗಿತು. ಅವಳಿಗೆ ನಾನೇ ಎರಡೂ ಥರದ ಕೈಗವಸು ತಂದುಕೊಟ್ಟು, ಆ ಡಾಕ್ಟರ ಹತ್ತಿರ ಕಳಿಸಿದೆ. ಅದರಿಂದ ನನ್ನ ಪಾಪ ತೊಳೆಯಿತು ಅಂತ ನಾನೇನೂ ಹೇಳುತ್ತಿಲ್ಲ.

ವರ್ಷ ತುಂಬಿದ ಮೇಲೆ, ಒಂದು ಸಂಜೆ ನಾಲ್ಕಕ್ಕೆ ಸರಿಯಾಗಿ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದ. ಮಾತ್ರೆ ಮುಗಿದಿದೆ, ರೋಗ ಹೋಗಿದೆ, ಯಾರಿಗೂ ಅಂಟುವುದಿಲ್ಲ, ಬಿಸಿ ತಾಗದ ಯಾವ ಕೆಲಸವನ್ನಾದರೂ ಮಾಡಬಹುದು ಅಂತ ಡಾಕ್ಟರ ಸಹಿ. ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಅದನ್ನು ನನ್ನ ಮುಂದೆ ಚಾಚಿದ.

"ಲೆಕ್ಕ ನೋಡ್ಕೋತೀನಿ, ಬಾಗಿಲು ಕಾಯ್ತೀನಿ, ಏನಾದ್ರೂ ಸರಿ. ಯಜಮಾನ್ರಿಗೆ ಒಂದು ಮಾತು ಹೇಳಮ್ಮ."

ಮಾಲೀಕ ನನ್ನ ಹಿಂದಿನ ಕುರ್ಚಿಯಲ್ಲೇ ಕೂತಿದ್ದ. ಪೇಪರಿನಿಂದ ತಲೆ ಎತ್ತಲಿಲ್ಲ. "ಜಾಗ ಇಲ್ಲ ಅನ್ನು" ಅಂದ. ಅವನು ಅಂದದ್ದು ಆಚೆ ನಿಂತವನಿಗೆ ಚೆನ್ನಾಗಿ ಕೇಳಿಸಿತು. ಆದರೂ ನಾನು ಮತ್ತೆ ಹೇಳಿದೆ.

"ಜಾಗ ಇಲ್ವಂತೆ ಅಣ್ಣ."

ಅವನು ತಲೆಯಾಡಿಸಿ ಕಾಗದ ಜೇಬಿಗೆ ಇಳಿಸಿಕೊಂಡ. ಒಂದೇ ಸಲಕ್ಕೆ ಇಳಿಯಲಿಲ್ಲ. ಬರಿಗೈಯಲ್ಲಿ ಹೋಗುವುದು ಸರಿಯಲ್ಲ ಅನ್ನಿಸಿತೋ ಏನೋ, "ಒಂದು ಬನ್ ಕೊಡು ಹಾಗಾದ್ರೆ" ಅಂದ. ಹೊಸ ಟ್ರೇ ಆಗಷ್ಟೇ ಒಳಗಿನಿಂದ ಬಂದಿತ್ತು. ಕೌಂಟರಿನ ಮೇಲೆ ಬೆಳಗಿನ ಆರಿದ ಬನ್ನೂ ಉಳಿದಿತ್ತು. ದಿನಾ ಸಾವಿರ ಜನಕ್ಕೆ ಕಾಗದದಲ್ಲಿ ಹಿಡಿದು ಕೈಯಿಂದಲೇ ಕೊಡುವವಳು ನಾನು. ಬೆಳಗಿನ ಬನ್ನಿಗೆ ಕೈ ಹಾಕಿದೆ. ಹಿಂದಿನಿಂದ ಮಾಲೀಕ ಕೆಮ್ಮಿದ. ಸಾಲಿನಲ್ಲಿ ನಿಂತವರು ಆ ಮಡಚಿದ ಬೆರಳುಗಳನ್ನೇ ನೋಡುತ್ತಿದ್ದರು. ನಾನು ಗೋಡೆಯ ಮೊಳೆಯಲ್ಲಿ ನೇತುಬಿದ್ದಿದ್ದ ಇಕ್ಕಳ ತೆಗೆದುಕೊಂಡು, ಅದರಲ್ಲಿ ಅದೇ ಬೆಳಗಿನ ಬನ್ನು ಹಿಡಿದು ಅವನ ಕಡೆ ಚಾಚಿದೆ.

ಅವನು ಇಕ್ಕಳವನ್ನು ನೋಡಿದ. ಆಮೇಲೆ ನನ್ನನ್ನು. ಡಾಕ್ಟರು ಅವನಿಗೆ ಒಂದು ಅಭ್ಯಾಸ ಕಲಿಸಿದ್ದರಂತೆ: ಏನನ್ನೇ ಮುಟ್ಟುವ ಮೊದಲು ಪಕ್ಕದಲ್ಲಿದ್ದವರನ್ನು ಕೇಳಬೇಕು, ಸುಳ್ಳು ಹೇಳದವರನ್ನು.

"ಬಿಸಿ ಇದೆಯೇನಮ್ಮ? ನಂಗೆ ಗೊತ್ತಾಗಲ್ಲ."

"ಇಲ್ಲಣ್ಣ, ಬಿಸಿ ಇಲ್ಲ."

ಅವನು ಎರಡೂ ಕೈ ಒಡ್ಡಿ ತೆಗೆದುಕೊಂಡ.